ಆಲದ ಬಾವಿ ಡಬ್ಬಿ

ದೀಪ ಆರಿಸಬ್ಯಾಡ್ರಿ, ಸಣ್ಣ ಮಾಡ್ರಿ ಸಾಕು. ಹೇಳ್ತೇನಿ.

ನಮ್ಮ ಮಾಣಿಕ ಆವತ್ತು ರಾತ್ರಿ ಸಂತಪುರಕ್ಕ ನಡಕೋತ ಹೊಂಟಿದ್ದ. ಬೈಕು ಪಂಕ್ಚರ್ ಆಗಿ ಹಿಂದಿನ ಊರಾಗ ಬಿಟ್ಟಿದ್ದ. ಹಾದಿಯಾಗ ಒಂದು ಆಲದ ಮರ ಅದರಿ, ಅದರ ಬುಡಕ್ಕ ಒಂದು ಬಾವಿ. ಬಾವಿ ಅಂದ್ರ ಹೆಸರಿಗಿ ಬಾವಿ… ಹನಿ ನೀರಿಲ್ಲ. ಎಲಿ ಅಳಗ್ಯಾಡೋ ಅಷ್ಟು ಗಾಳಿ ಸುದ್ದಾ ಇರಲಿಲ್ಲ. ಆದ್ರ ಬಾವಿ ಒಳಗಿಂದ ಸಪ್ಪಳ ಬರ್ಲಿಕತ್ತಿತ್ತು.

ಕರ್ರ್… ಕರ್ರ್…

ವಾಟಗ, ಅಂದ್ರ ಉಣ್ಣೋ ಬಟ್ಟಲ, ಕಲ್ಲಿಗಿ ಉಜ್ಜಿದಂಗ. ಆಮ್ಯಾಲ ಸುಮ್ನ. ಆಮ್ಯಾಲ ಮತ್ತ… ಕರ್ರ್…

ತಡೀರಿ. ಒಳಗ ಯಾರಿದ್ರು ಅಂತ ಈಗೇ ಕೇಳಬ್ಯಾಡ್ರಿ. ಮೊದಲು ಅಂವ ಆ ಹಾದಿಗಿ ಯಾಕ ಬಿದ್ದ, ಅದು ಕೇಳ್ರಿ. ನಗೋರಿದ್ರ ಈಗೇ ಎದ್ದು ಮನಿಗಿ ಹೋಗ್ರಿ. ಕತ್ತಲಾಗ, ಒಬ್ಬೊಬ್ಬರೇ ಹೋಗ್ರಿ ಮತ್ತ.

ಮಾಣಿಕ ಅಂದ್ರ ನಮ್ಮ ಕಾಕಾನ ಮಗ. ನಾವು ಭಾಲ್ಕಿ ತಾಲೂಕಿನ ಸಾಯಗಾಂವದವರು. ನಾ ಲಗ್ನ ಆಗಿ ಇಲ್ಲಿ ಬೀದರ ಬಾಜೂಕಿನ ನೌಬಾದಕ್ಕ ಬಂದೆ. ಅಂವ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕೋತ ನಮ್ಮ ಮನಿಗೇ ಬಂದ. ಹುಡುಗ ಕೆಟ್ಟಾವ ಅಲ್ಲ. ಬಾಯಿ ಮೆತ್ತಗ, ಕೈ ಚುರುಕು. ಒಂದೇ ಖೋಡಿ… ತಪ್ಪು ತನ್ನ ತಲಿ ಮ್ಯಾಲ ಬರ್ತದ ಅಂದ್ರ ಸುಳ್ಳು ಹೇಳಿಬಿಡ್ತಾನ. ದೊಡ್ಡ ಸುಳ್ಳಲ್ಲ, ಒಂದು ಮಾತಿನ ಸುಳ್ಳು. ಅಂಥಾ ಸುಳ್ಳು ನಾವೆಲ್ಲಾರೂ ಹೇಳ್ತೇವಿ.

ಹದಿನಾರನೇ ಇಸವಿ ಬ್ಯಾಸಗಿ ನಿಮಗ ನೆನಪಿರಬೇಕು. ಮಳಿ ಮಾರಿ ತೋರಿಸಿರಲಿಲ್ಲ. ಮಾಂಜ್ರಾ ನದಿ ಉಸುಕಾಗಿ ಬಿದ್ದಿತ್ತು. ಔರಾದ ಕಡೀ ಊರಿಗಿ ಊರೇ ಹೈದ್ರಾಬಾದ, ಪುಣೆ ಅಂತ ಗುಳೇ ಎದ್ದಿತ್ತು. ಉಳದವರಿಗಿ ಟ್ಯಾಂಕರ್ ನೀರೇ ಗತಿ. ಯಾವ ಊರಿಗಿ ಯಾವಾಗ ಟ್ಯಾಂಕರ್ ಕಳಸಬೇಕು ಅಂತ ತಿಳೀಲಿಕ್ಕ ಒಂದು ಕಂಪನಿಯವರು ಬಾವಿ ಬಾವಿಗಿ ಡಬ್ಬಿ ಕಟ್ಟಿದ್ರು. ಡಬ್ಬಿ ಮ್ಯಾಲ ಅಂಗೈ ಅಗಲ ಸೋಲಾರ್ ಹಲಗಿ, ಒಂದು ಸಣ್ಣ ಕೋಲು. ಬಾವಿ ಒಳಗ ಒಂದು ವೈರು ಇಳಿಬಿಟ್ಟಿರ್ತಿದ್ರು. ನೀರು ಎಷ್ಟದ ಅಂತ ಆ ವೈರು ಅಳೀತಿತ್ತು. ಬಾವಿ ಖಾಲಿ ಅಂತ ಡಬ್ಬಿ ಹೇಳಿದ್ರ ಆ ಊರಿಗಿ ಟ್ಯಾಂಕರ್. ಡಬ್ಬಿ ಏನೂ ಹೇಳದಿದ್ರ… ಏನೂ ಇಲ್ಲ.

ಆದ್ರ ಆ ಡಬ್ಬಿಗೋಳ ಆವಾಜ ಭಾಳ ದೂರ ಹೋಗೋದಿಲ್ರಿ. ಬೆಂಕಿ ಹತ್ತಿದಾಗ ಕೊಡ ಕೈಯಿಂದ ಕೈಗಿ ದಾಟಸ್ತೀವಲ್ಲ, ಹಂಗ. ಒಂದು ಡಬ್ಬಿ ಬಾಜೂದ್ದಕ್ಕ ಹೇಳೋದು, ಅದು ಮುಂದಿನದಕ್ಕ ಹೇಳೋದು, ಕಡೀಗಿ ಸಂತಪುರದ ಡಬ್ಬಿ ಫೋನಿನ ಟಾವರ್ ಮ್ಯಾಲ ಬೀದರಕ್ಕ ಮುಟ್ಟಸೋದು. ನಡುವ ಒಂದು ಸತ್ತು ಬಿತ್ತಂದ್ರ ಅದರ ಹಿಂದಿನವು ಎಲ್ಲಾ ಮೂಗ. ಬದುಕೇ ಇರ್ತಾವ, ಒದರ್ತಾನೂ ಇರ್ತಾವ… ಕೇಳೋರು ಯಾರೂ ಇರೋದಿಲ್ಲ. ಹಂಗ ಹರಿದದ್ದು ಮತ್ತ ಜೋಡಸೋದು ಮಾಣಿಕನ ಕೆಲಸ. ಕಂಪನಿಯವರ ಕಂಪ್ಯೂಟರ್ ನಕ್ಷೆದಾಗ ಡಬ್ಬಿಗೊಂದು ಚುಕ್ಕಿ. ಎಲ್ಲಾ ಚುಕ್ಕಿ ಹಸರ ಇದ್ರ ಸುಖ, ಒಂದು ಕೆಂಪು ಆದ್ರ ಬೈಗಳ. ಎರಡನೇ ಸಲ ಕೆಂಪಾದ್ರ ಮನಿಗಿ ನಡಿ ಅಂತಿದ್ರು.

ಹೋಳಿ ಹುಣ್ಣಿಮಿ ಆದ ಮ್ಯಾಲ ಈ ಆಲದ ಬಾವಿ ಡಬ್ಬಿ ಸತ್ತಿತು. ಹಲಗಿ ಮಂಗ್ಯಾ ಕಿತ್ತಿದ್ವೋ, ಮನಷ್ಯಾರು ಕಿತ್ತಿದ್ರೋ, ದೇವರಿಗೇ ಗೊತ್ತು. ಅದರ ಹಿಂದ ಎರಡು ದೊಡ್ಡ ಊರು, ತುದಿಯಾಗ ಒಂದು ಸಣ್ಣ ವಾಡಿ. ಮೂರೂ ಮೂಗ ಆದವು. ವಾಡಿ ಹೆಸರು ನಾ ಹೇಳೋದಿಲ್ಲ, ಆ ಮಂದಿ ಇನ್ನಾ ಇದ್ದಾರ. ಮಾಣಿಕ ಹೊಸಾ ಡಬ್ಬಿ ಕೇಳಿದ. ಬರ್ತದ ಬರ್ತದ ಅಂದ್ರು. ಕಡೀಗಿ ಅಂವ ಇಂಥಾ ಕೆಲಸದವರೆಲ್ಲಾ ಮಾಡೋದೇ ಮಾಡಿದ. ತುದಿ ವಾಡಿ ಡಬ್ಬಿ ಬಿಚ್ಚಿ ತಂದು ಆಲದ ಬಾವಿಗಿ ಕಟ್ಟೋದು. ಒಂದು ಹೋಗ್ತದ, ಎರಡು ಉಳೀತಾವ. ಲೆಕ್ಕ ಬರೋಬ್ಬರಿನೇ ಇತ್ತು.

ವಾಡಿಯಾಗ ಇದ್ದಾಕಿ ಒಬ್ಬಾಕಿ. ಅಕ್ತರಬೀ. ನಲವತ್ತರ ಆಸುಪಾಸಿನ ಹೆಣಮಗಳು, ಗಟ್ಟಿಗಿತ್ತಿ, ಬಾಯಿ ಜೋರು. ಗಂಡ ಮಕ್ಕಳು ಹೈದ್ರಾಬಾದಿಗಿ ಹೋಗಿದ್ರು, ಮನ್ಯಾಗಿದ್ದ ಒಂದು ಫೋನೂ ಗಂಡ ಒಯ್ದಿದ್ದ. ಆಕಿ ಯಾಕ ಉಳದಳಂದ್ರ ಆಡಿನ ಸಲುವಾಗಿ. ಆ ವಾಡಿಯವರು ಗುಳೇ ಹೋಗೋ ಮುಂದ ಎಲ್ಲಾರ ಆಡು ಒಬ್ಬರ ಉಡಿಯಾಗ ಹಾಕಿ ಹೋಗ್ತಾರ. ಮಳಿ ಬಿದ್ದು ತಿರುಗಿ ಬರೋ ತನಕಾ ಆ ಒಬ್ಬರು ವಾಡಿ ಬಿಟ್ಟು ಕದಲಂಗಿಲ್ಲ. ಹಿರೇರಿಂದ ನಡಕೋತ ಬಂದದ್ದು. ಆ ವರ್ಷ ಆ ಪಾಳಿ ಅಕ್ತರಬೀದು.

ಮಾಣಿಕ ಡಬ್ಬಿ ಬಿಚ್ಚೋ ಮುಂದ ಆಕಿ ಕಟ್ಟಿ ಮ್ಯಾಲ ಕುಂತು ನೋಡ್ತಿದ್ದಳಂತ.

"ಡಬ್ಬಿ ಸಾಬ, ನನ್ನ ಗೆಳತೀಗಿ ಎಲ್ಲಿಗಿ ಒಯ್ತೀರಿ?"

"ಆಲದ ಬಾವಿಗ್ರಿ ಖಾಲಾ. ನಡುವಿಂದು ಸತ್ತದ. ತುದಿಂದು ಮುಂದ ಸರಿಬೇಕು, ಇಲ್ಲಾಂದ್ರ ಮಾತು ದಾಟೋದಿಲ್ಲ."

"ಮತ್ತ ನನ್ನ ಮಾತು ಯಾರು ದಾಟಸ್ತಾರ?"

"ನಾಕ ದಿನ ತಡೀರಿ, ಹೊಸಾದು ತರ್ತೇನಿ. ಅಲ್ಲಿ ತನಕಾ ನಿಮ್ಮ ಟ್ಯಾಂಕರ್ ನಾ ಹೇಳಿ ಕಳಸ್ತೇನಿ."

"ಬ್ಯಾರೆ ಏನೂ ಹೇಳಬ್ಯಾಡ್ರಿ. ನಾ ಇಲ್ಲಿ ಇದ್ದೇನಂತ ಹೇಳ್ರಿ ಅಷ್ಟೇ."

ಅಷ್ಟೇ ಹೇಳಬೇಕಾಗಿತ್ತು ಅಂವ. ಮರುದಿನ ಆಫೀಸಿಂದ ಫೋನು ಬಂತು. ವಾಡಿ ಚುಕ್ಕಿ ಕೆಂಪು ತೋರಸ್ತದಲ್ಲ, ಯಾಕ? ಮಾಣಿಕ ಲೆಕ್ಕ ಹಾಕಿದ. ಡಬ್ಬಿ ಬಿಚ್ಚಿ ತಂದೇನಿ ಅಂದ್ರ ಯಾರಿಗಿ ಕೇಳಿ ಬಿಚ್ಚಿದಿ ಅಂತಾರ. ಅಂದಬಿಟ್ಟ…

"ಸರ, ಅಲ್ಲಿ ಯಾರೂ ಇಲ್ರಿ. ಎಲ್ಲಾ ಗುಳೇ ಹೋಗ್ಯಾರ."

ಯಾರೂ ಇಲ್ಲಂದ ಮ್ಯಾಲ ಚುಕ್ಕಿ ಯಾಕ ಬೇಕು? ಅಳಿಸಿಬಿಟ್ರು. ನಕ್ಷೆ ಎಲ್ಲಾ ಹಸರ ಆತು. ಟ್ಯಾಂಕರ್ ನಿಂತಿತು. ಮಾಣಿಕಗ ಶಾಬಾಸ್ ಅಂದ್ರು. ಅಂವ ಏನು ವಿಚಾರ ಮಾಡಿದ್ನಂದ್ರ ಹೊಸಾ ಡಬ್ಬಿ ಬಂದ ದಿನ ಎಲ್ಲಾ ಸರಿ ಆಗ್ತದ ಅಂತ. ನಾಕ ದಿನ ಹೋದ್ವು, ಯುಗಾದಿ ಬಂತು, ಯುಗಾದಿ ಹೋತು. ಡಬ್ಬಿ ಬರಲಿಲ್ಲ. ವಾಡಿ ಕಡೀ ಹೋಗಿ ಮಾರಿ ತೋರಸ್ಲಿಕ್ಕ ಅವಗ ನಾಚಿಕಿ. ನಾಚಿಕೀಗಿ ಎಷ್ಟು ಮಂದಿ ಸಾಯ್ತಾರ ಅಂತ ಯಾರೂ ಲೆಕ್ಕ ಇಟ್ಟಿಲ್ಲ ಬಿಡ್ರಿ.

ಹಾಂ… ಈಗ ಆ ರಾತ್ರಿಗಿ ಬರ್ತೇನಿ.

ಕರ್ರ್… ಕರ್ರ್…

ಮಾಣಿಕ ಮೊದಲು ಹೆಗ್ಗಣ ಅಂದುಕೊಂಡ. ಮೊಬೈಲ್ ಬ್ಯಾಟರಿ ಹಚ್ಚಿ ಬಾವ್ಯಾಗ ಬೆಳಕ ಬಿಟ್ಟ. ತಳದಾಗ ಒಣಾ ತಪ್ಪಲ. ಒಂದು ಹರಕ ಚಪ್ಪಲಿ. ಮತ್ತೇನಿಲ್ಲ. ಹೆಗ್ಗಣಾನೂ ಇಲ್ಲ. ಬೆಳಕ ಬಿದ್ದಕೂಡ್ಲೇ ಸಪ್ಪಳ ನಿಂತಿತು. ದಂಡಿ ಮ್ಯಾಲಿನ ಡಬ್ಬಿ ಒಂದೇ ಟಿಕ್… ಟಿಕ್… ಅನ್ನಲಿಕತ್ತಿತ್ತು.

ಆಮ್ಯಾಲ, ಭಾಳ ಸಣ್ಣ ಆವಾಜದಾಗ…

"ಕೌನ್ ಹೈ ಬಾ?"

ಮಾಣಿಕ ಮತ್ತ ಬಾವ್ಯಾಗ ಬೆಳಕ ಬಿಟ್ಟು ನೋಡಿದ. ಯಾರೂ ಇಲ್ಲ.

"ಡಬ್ಬಿ ಸಾಬ… ನೀವೇ ಏನು?"

ಡಬ್ಬಿ ಸಾಬ ಅಂತ ಅವಗ ಕರೀತಿದ್ದಾಕಿ ಈ ದುನಿಯಾದಾಗ ಒಬ್ಬಾಕಿ. ಆಕಿ ವಾಡಿಯಾಗ ಇರಬೇಕು. ವಾಡಿ ಅಲ್ಲಿಂದ ಎರಡು ಗುಡ್ಡ ಆಚಿ.

"ಖಾಲಾ…" ಅಂದ ಅಂವ.

"ನೀರು ಕಳಸಬ್ಯಾಡ್ರಿ." ಉಸರಿಗಿ ಉಸರು ಹತ್ತತಿರಲಿಲ್ಲಂತ ಆಕಿಗಿ. "ಈಗ ನೀರು ಬ್ಯಾಡ. ಹಗ್ಗ ಕಳಸ್ರಿ… ನೀರು ಬ್ಯಾಡ…"

ಮಾಣಿಕ ಓಡಿದ. ಸಂತಪುರ ಬರೋ ತನಕಾ ಹಿಂದ ತಿರುಗಿ ನೋಡಲಿಲ್ಲ. ಮುಂಜಾನಿ ಮೊದಲನೇ ಬಸ್ಸಿಗಿ ನಮ್ಮ ಮನಿಗಿ ಬಂದ. ಮೈ ಕೆಂಡ ಆಗಿತ್ತು. ಚಹಾ ಕೊಟ್ಟೆ, ಬಾಜೂಕ ಇಟ್ಟ. ನಾ ಕೇಳಿದೆ, ಅಂವ ಎಲ್ಲಾ ಹೇಳಿದ. ಡಬ್ಬಿ ಬಿಚ್ಚಿದ್ದು, ಸುಳ್ಳು ಹೇಳಿದ್ದು, ಬಾವ್ಯಾಗ ಮಾತಾಡಿದ್ದು, ಎಲ್ಲಾ.

"ನಡಿ, ಹಗಲಾಗೇ ವಾಡಿಗಿ ಹೋಗಿ ನೋಡಿ ಬರೋಣು," ಅಂದೆ.

"ಬ್ಯಾಡ ಅಕ್ಕ. ಹೆಣ ಸಿಕ್ತಂದ್ರ? ಯಾರೂ ಇಲ್ಲಂದಾವ ಯಾರು ಅಂತ ಕೇಳ್ತಾರ. ಮಾಣಿಕ ಅಂತಾರ."

ನೋಡ್ರಿ. ಆಕಿ ಸತ್ತಾಳಂತ ಅಂವ ಆಗಲೇ ತೀರ್ಮಾನ ಮಾಡಿದ್ದ. ಬಾವ್ಯಾಗ ಆವಾಜ ಅದ, ಮೈ ಇಲ್ಲ, ಅಂದ ಮ್ಯಾಲ ದೆವ್ವ. ಮತ್ತೇನು ಅಂತೀರಿ? ನಾನೂ ಹಂಗೇ ಅಂದುಕೊಂಡೆ.

ಒಳಗಿಂದ ನಮ್ಮ ಆಯಿ ಎದ್ದು ಬಂದಳು. ಆಯಿ ಅಂದ್ರ ನಮ್ಮ ಅಪ್ಪನ ತಾಯಿ, ಭಾಗೀರಥಿಬಾಯಿ, ಆಗ ನಮ್ಮಲ್ಲೇ ಇದ್ದಳು. ನಮ್ಮ ಮನ್ಯಾಗ ಗ್ವಾಡಿಗಿ ಬುದ್ಧನ ಫೋಟೋ ಅದ, ದೆವ್ವ ಗಿವ್ವ ನಂಬೋ ಮಂದಿ ನಾವಲ್ಲ. ಆದ್ರ ಫೋಟೋ ಗ್ವಾಡಿ ಮ್ಯಾಲ, ದೆವ್ವ ಆಯಿ ಬಾಯಾಗ. ಎಲ್ಲಾ ಕೇಳಿಸಿಕೊಂಡಿದ್ದಳು ಮುದುಕಿ.

"ಏನು ಬ್ಯಾಡ ಅಂದಳು ಆಕಿ?"

"ನೀರು ಬ್ಯಾಡ ಅಂದಳು ಆಯಿ. ಹಗ್ಗ ಬೇಕಂದಳು."

ಆಯಿ ತಲಿ ಅಳಗ್ಯಾಡಿಸಿದಳು. "ದೆವ್ವದ ಪಾದ ಹಿಂದ ಮುಂದ ಇರ್ತಾವ. ಮಾತೂ ಹಿಂದ ಮುಂದ. ಬಾ ಅಂದ್ರ ಹೋಗಬೇಕು, ಹೋಗು ಅಂದ್ರ ಬರಬೇಕು. ಬ್ಯಾಡ ಅಂದದ್ದೇ ಅದಕ್ಕ ಬೇಕಾಗಿರ್ತದ. ನೀರಿಲ್ಲದ ಸತ್ತಾಳ, ನೀರೇ ಬೇಕು ಆಕಿಗಿ. ಬೇಕಂದದ್ದು ಕೊಟ್ಟೀಯಂದ್ರ…" ಆಯಿ ಹಗ್ಗ ಅನ್ನೋ ಶಬ್ದ ಬಾಯಾಗ ತರಲಿಲ್ಲ. ತನ್ನ ಕುತಗಿಗಿ ಬೆರಳು ಹಚ್ಚಿ ತೋರಿಸಿದಳು. "ನಿನಗೇ ಬರ್ತದ ಅದು."

ನಮ್ಮ ಕಡೀ ಇದು ಸಣ್ಣ ಕೂಸಿಗೂ ಗೊತ್ತಿದ್ದ ಮಾತು. ನಿಮಗೂ ಗೊತ್ತದ. ಯಾಕ ಸುಮ್ನ ಕುಂತೀರಿ?

ಆಕಿ ವಾಡಿಯಾಕಿ, ವಾಡಿ ಬಾವಿಗೇ ಒಂದು ಟ್ಯಾಂಕರ್ ಸುರುದ್ರಾತು ಅಂತ ಮಾಣಿಕ ಮಕ್ಬೂಲಗ ಫೋನ್ ಮಾಡಿದ. ಮಕ್ಬೂಲ ಟ್ಯಾಂಕರ್ ಹೊಡಿಯಾವ, ಇಬ್ಬರದೂ ದೋಸ್ತಿ. ಆ ಬ್ಯಾಸಗ್ಯಾಗ ಟ್ಯಾಂಕರ್‌ನವರಿಗಿ ಹಗಲೇನು ರಾತ್ರಿಯೇನು, ಒಂದೇ ಸವನ ಖೇಪು. ಊರಿಗಿ ಹೋದ್ರ ನೀರು ನೇರ ಬಾವಿಗೇ ಸುರೂತಿದ್ರು, ಮಂದಿ ಆಮ್ಯಾಲ ಸೇದಿಕೋತಿದ್ರು.

"ವಾಡಿಯಾಗ ಯಾರೂ ಇಲ್ಲಂತ ನೀವೇ ಹೇಳೀರಲ್ಲ ಮಾಣಿಕ ಭಾಯಿ. ನೀರು ಯಾರಿಗ್ರಿ?" ಅಂದ ಮಕ್ಬೂಲ.

"ಯಾರಿಗೂ ಅಲ್ಲ. ಹರಕಿ ಅದ. ಯಾರಿಗೂ ಹೇಳಬ್ಯಾಡ, ರಾತ್ರಿ ಸುರುದು ಬಾ."

ಆ ರಾತ್ರಿ ಮಾಣಿಕ ಮಲಗಲಿಲ್ಲ. ಪಡಸಾಲ್ಯಾಗ ಲ್ಯಾಪ್‌ಟಾಪ್ ಮುಂದ ಕುಂತ, ನಾ ಬಾಜೂಕ ಕುಂತೆ. ಬಾವಿಗೊಂದು ಗೆರಿ ಇರ್ತದ ಅದರಾಗ. ನೀರು ಇದ್ರ ಗೆರಿ ಮ್ಯಾಲ, ಇಲ್ಲಾಂದ್ರ ಕೆಳಗ ನೆಲಕ್ಕ ಹತ್ತಿ ಮಲಗಿರ್ತದ. ಆಲದ ಬಾವಿ ಗೆರಿ ಮಲಗಿತ್ತು. ಕರೆಂಟ್ ಹೋಗಿತ್ತು. ಆಯಿ ಗೊರಕಿ ಒಂದು ಕೇಳ್ತಿತ್ತು.

ನಾ ನೋಡ್ಕೋತ ಇದ್ದಂಗೇ ಆಲದ ಬಾವಿ ಗೆರಿ ಎದ್ದಿತು.

ಸಾವಕಾಶ… ಏರ್ಲಿಕತ್ತಿತು. ಏರಿತು, ಏರಿತು, ಒಂದು ಕಡೀ ನಿಂತಿತು.

"ಮಕ್ಬೂಲ ಹಾದಿ ತಪ್ಪಿ ಆಲದ ಬಾವಿಗಿ ಸುರುವ್ಯಾನ," ಅಂದ ಮಾಣಿಕ. ಫೋನ್ ಹಚ್ಚಿದ. ಗಾಡಿ ಇಂಜಿನ್ ಗುಡುಗುಡು ಅನ್ನಲಿಕತ್ತಿತ್ತು.

"ಎಲ್ಲಿ ಸುರುವಿದಿ?"

"ವಾಡಿ ಬಾವ್ಯಾಗ್ರಿ. ಮತ್ತೆಲ್ಲಿ? ಈಗೇ ಮುಗೀತು."

"ಖರೆ ಹೇಳು."

"ಅಲ್ಲಾಹ್ ಕಸಂ ವಾಡಿನೇ ಭಾಯಿ. ಆಡು ಎಲ್ಲಾ ಬಾವಿ ಸುತ್ತ ನಿಂತಾವ, ಕಾಲಿಗಿ ಅಡ್ಡ ಬರ್ಲಿಕತ್ತಾವ. ಪೈಪು ಇಳಿಬಿಟ್ಟಾಗ ಕೆಳಗ ಠಣ್ ಠಣ್ ಅಂತು. ಯಾರರೆ ಇದ್ದೀರೇನು ಅಂತ ಒದರಿದೆ ಒಂದು ಸಲ. ಪೈಪಿನ ಬಾಯಿ ಕಲ್ಲಿಗಿ ಬಡದಿರಬೇಕು. ನೀರು ಧೊ ಧೊ ಬಿದ್ದ ಮ್ಯಾಲ ನಿಂತಿತು."

ಮಾಣಿಕ ಫೋನ್ ಇಟ್ಟ. ಅವನ ಮಾರಿ ಮ್ಯಾಲ ಸಮಾಧಾನ ಇತ್ತು. ಅದು ನಂಗ ಇವತ್ತಿಗೂ ಕಣ್ಣಿಗಿ ಕಟ್ಟಿದಂಗ ಅದ… ಸಮಾಧಾನ. ನಿಂತಲ್ಲೇ ಒಂದು ಚರಗಿ ನೀರು ಕುಡದು ಮಲಗಿಬಿಟ್ಟ.

ಬೆಳಗಾಗೋ ಹೊತ್ತಿಗಿ ಮಕ್ಬೂಲನ ಫೋನು. ಆಡಿನ ಚಿಂತಿ ಆಗಿ ಅಂವ ತಿರುಗಿ ಹೋಗಿದ್ದ. ಆಡು ಒಂದೂ ಬಾವಿ ಬಿಟ್ಟು ಸರದಿರಲಿಲ್ಲ. ಬಗ್ಗಿ ನೋಡ್ಯಾನ. ಅಕ್ತರಬೀ ತೇಲ್ಲಿಕತ್ತಿದ್ದಳು.

ಟ್ಯಾಂಕರ್ ನಿಂತ ಮ್ಯಾಲ ಆಕಿ ಬಾವ್ಯಾಗ ಇಳದು ಬಂಡಿಗಲ್ಲಿನ ಸಂದ್ಯಾಗ ಒಸರೋ ಪಸಿ ನೀರು ವಾಟಗದಿಂದ ಕೆರದು ಕೆರದು ಕೊಡ ತುಂಬಿಕೋತಿದ್ದಳು. ಆಡಿಗೂ ತನಗೂ. ಒಂದು ದಿನ ಕಾಲು ಜಾರೇದ. ಬಿದ್ದಾಳ. ಅದು ಎಲ್ಲಾರಿಗೂ ತಿಳೀತು. ತಿಳೀಲಾರದ್ದು ಡಾಕ್ಟರು ಹೇಳಿದ್ರು. ತೊಡಿ ಎಲುಬು ಮುರದು ಎರಡು ದಿನ ಆಗಿತ್ತು. ಆದ್ರ ಸತ್ತದ್ದು ಬಿದ್ದಲ್ಲ. ಸತ್ತದ್ದು ಮುಳುಗಿ. ಹಿಂದಿನ ರಾತ್ರಿನೇ.

ತಿಳೀತೇನ್ರಿ? ಎರಡು ದಿನ. ಮಾಣಿಕ ಆಲದ ಬಾವಿ ಮುಂದ ನಿಂತಾಗ ಆಕಿ ಬದುಕಿದ್ದಳು. ಎರಡು ಗುಡ್ಡದ ಆಚಿ, ತನ್ನ ವಾಡಿ ಬಾವಿ ತಳದಾಗ ಕಾಲು ಮುರಕೊಂಡು ಕುಂತಿದ್ದಳು. ಆಕಿ ದೆವ್ವ ಆಗಿರಲಿಲ್ಲ. ಹಿಂದ ಮುಂದ ಮಾತಾಡಿರಲಿಲ್ಲ. ಸೀದಾ ಮಾತಾಡಿದ್ದಳು. ನೀರು ಬ್ಯಾಡ, ಹಗ್ಗ ಕಳಸ್ರಿ.

ಟ್ಯಾಂಕರ್ ನೀರು ಎಷ್ಟಾಗಿತ್ತಂದ್ರ ನಿಂತವರಿಗಿ ಎದಿಮಟ. ನಿಂತಿದ್ರ ಬದುಕ್ತಿದ್ದಳು. ನಿಲ್ಲಲಿಕ್ಕ ಕಾಲಿರಲಿಲ್ಲ. ಕತ್ತಲಾಗ ಮ್ಯಾಲಿಂದ ನೀರು ಬೀಳೋ ಮುಂದ ವಾಟಗ ಕಲ್ಲಿಗಿ ಬಡದಾಳ, ಠಣ್ ಠಣ್ ಅಂತ. ತಾ ಇದ್ದೇನಂತ ಹೇಳ್ಯಾಳ.

ಮಾಣಿಕಗ ಏನೂ ಆಗಲಿಲ್ಲ. ನಿಮಗ ಬ್ಯಾರೆ ಹೇಳಬೇಕಂತ ನಂಗೂ ಅನಸ್ತದ, ಆದ್ರ ಆಗಲಿಲ್ಲ. ಪೊಲೀಸರು ನೀರು ತರಲಿಕ್ಕ ಹೋಗಿ ಬಿದ್ದು ಸತ್ತಳಂತ ಬರಕೊಂಡ್ರು. ಮಳಿ ಬಿದ್ದು ವಾಡಿಯವರು ತಿರುಗಿ ಬಂದು ತಮ್ಮ ತಮ್ಮ ಆಡು ಹೊಡಕೊಂಡು ಹೋದ್ರು. ಒಂದು ಮರೀನೂ ಕಡಿಮಿ ಆಗಿರಲಿಲ್ಲ. ಆಕಿ ಗಂಡ ಮಕ್ಕಳು ಹೈದ್ರಾಬಾದಿಂದ ಮಣ್ಣಿಗಿ ಬಂದವರು ತಿರುಗಿ ಅಲ್ಲಿಗೇ ಹೋದ್ರು. ಕಂಪನಿಯವರು ಆ ವರ್ಷ ಒಂದೂ ಚುಕ್ಕಿ ಕೆಂಪು ಉಳೀಲಾರದಂಗ ನೋಡಿಕೊಂಡಾನಂತ ಮಾಣಿಕಗ ಮುಂದಿನ ವರ್ಷಾನೂ ಇಟ್ಟುಕೊಂಡ್ರು. ಆಯಿ ಸಾಯೋ ತನಕಾ ತಾ ಹೇಳಿದ್ದು ಬರೋಬ್ಬರಿ ಅಂತಿದ್ದಳು. ಆಕಿ ಮ್ಯಾಲ ನಂಗ ಇನ್ನಾ ಸಿಟ್ಟದ.

ಇಷ್ಟು ಊರಿಗೆಲ್ಲಾ ಗೊತ್ತದ. ಒಂದು ಮಾತು ಗೊತ್ತಿಲ್ಲ.

ಆವತ್ತು ಮುಂಜಾನಿ ಫೋನ್ ಬಂದಕೂಡ್ಲೇ ಮಾಣಿಕ ಬಸ್ಸು ಹತ್ತಿ ಹೋದ. ವಾಡಿಗಿ ಹೋಗಲಿಕ್ಕ ಎದಿ ಆಗಲಿಲ್ಲ, ಆಲದ ಬಾವಿ ಹತ್ರ ನಿಂತು ನಂಗ ಫೋನ್ ಮಾಡಿದ.

"ಅಕ್ಕ, ಇಲ್ಲಿ ನೀರಿಲ್ಲ. ವೈರಿನ ತುದಿ ಒಣಾ ತಪ್ಪಲ ಮ್ಯಾಲ ಬಿದ್ದದ, ಕಣ್ಣಿಗಿ ಕಾಣ್ಲಿಕತ್ತದ. ಅಲ್ಲಿ ಏನು ತೋರಸ್ತದ?"

ಲ್ಯಾಪ್‌ಟಾಪ್ ನನ್ನ ಮುಂದನೇ ಇತ್ತು. ಆಲದ ಬಾವಿ ಗೆರಿ ರಾತ್ರಿ ಎಲ್ಲಿ ನಿಂತಿತ್ತೋ ಅಲ್ಲೇ ಇತ್ತು, ಮ್ಯಾಲ.

"ನೀರು ಅದ ಅಂತದ," ಅಂದೆ.

ಅಂವ ಫೋನ್ ಇಟ್ಟ. ನಾ ಗ್ಯಾಸ್ ಸಣ್ಣ ಮಾಡಿ ಬಂದು ಮತ್ತ ಕುಂತೆ. ನೋಡ್ಕೋತ ಇದ್ದಂಗೇ ಗೆರಿ ಒಂದು ಸ್ವಲ್ಪ ಕೆಳಗ ಇಳೀತು. ಭಾಳ ಅಲ್ಲ. ತುಂಬಿದ ಬಕೀಟಿನಾಗ ಇಟ್ಟ ಕೈ ಹೊರಗ ತಗದ್ರ ನೀರು ಇಳೀತದಲ್ಲ, ಅಷ್ಟು. ಅಷ್ಟರಾಗ ಮನಿ ಫೋನಿಗಿ ಮಕ್ಬೂಲ ಹಚ್ಚಿದ. ಉಸರು ಹಾಕ್ಲಿಕತ್ತಿದ್ದ.

"ಹಗ್ಗ ಕಟ್ಟಿ ಎತ್ತಿದ್ವಿ ಆಪಾ," ಅಂದ. "ಈಗೇ ಹೊರಗ ತಗದ್ವಿ."

ನಾ ಸಾಲಿ ಕಲತಾಕಿ ಅಲ್ಲ, ವಾಡಿಯಿಂದ ಬಿಚ್ಚಿ ತಂದ ಆ ಡಬ್ಬಿ ಒಳಗ ಏನಿರ್ತದ ನಂಗ ಗೊತ್ತಿಲ್ಲ. ಗೆರಿ ಇಳದದ್ದು ಮಾತ್ರ ಖರೆ. ನಾ ಕಣ್ಣಾರೆ ನೋಡೇನಿ.